‘ಉಚಿತ ಸಿಬಿಲ್ ವರದಿ’ ಕೊಡುತ್ತೇವೆನ್ನುವ ಮಧ್ಯವರ್ತಿ ತಾಣಗಳ ಬಗ್ಗೆ ಎಚ್ಚರಿಕೆ

ಮನೆ ಸಾಲಕ್ಕೋ ವಾಹನ ಸಾಲಕ್ಕೋ ಅರ್ಜಿ ಹಾಕುವ ಮೊದಲು ‘ಉಚಿತ ಸಿಬಿಲ್ ವರದಿ’ ಎಂದು ಮೊಬೈಲಿನಲ್ಲಿ ಹುಡುಕುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಸಿಬಿಲ್ ವರದಿ ಎಂದರೆ ನಾವು ಪಡೆದ ಸಾಲಗಳ ಮತ್ತು ಕಂತು ಕಟ್ಟಿದ ರೀತಿಯ ದಾಖಲೆ; ಅದರ ಆಧಾರದ ಮೇಲೆ ಕೊಡುವ ಅಂಕವೇ ಸ್ಕೋರ್. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವ ಕೊಂಡಿಗಳಲ್ಲಿ ಹಲವು ಜಾಹೀರಾತುಗಳಾಗಿರುತ್ತವೆ. ಅವುಗಳ ಹಿಂದಿರುವವರು ಈ ವರದಿಯನ್ನು ತಯಾರಿಸುವ ಸಾಲ ಮಾಹಿತಿ ಸಂಸ್ಥೆಗಳಲ್ಲ, ಸಾಲ ಮಾರುವ ಮಧ್ಯವರ್ತಿಗಳು. ಶಿವಮೊಗ್ಗದಲ್ಲಿರುವ ನನ್ನ ತಂಗಿ ಅಂಥದೊಂದು ತಾಣದಿಂದ ಪಟ್ಟ ಪಾಡನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ‘ಸಿಬಿಲ್ ಸರಿಯಿಲ್ಲ’ ಎಂದಷ್ಟೇ ಹೇಳಿ ಆಕೆಯ ಅರ್ಜಿಯನ್ನು ಬದಿಗಿಟ್ಟರು. ಯಾವ ಸಾಲವನ್ನೂ ಬಾಕಿ ಉಳಿಸಿಕೊಳ್ಳದ ಆಕೆ ಕಾರಣ ತಿಳಿಯಲೆಂದು ಒಂದು ತಾಣವನ್ನು ತೆರೆದಳು. ತ್ರಿವರ್ಣದ ಅಂಚು, ರಿಸರ್ವ್ ಬ್ಯಾಂಕಿನ ಹೆಸರು, ‘ಸಂಪೂರ್ಣ ಉಚಿತ’ ಎಂಬ ದೊಡ್ಡ ಅಕ್ಷರಗಳು ಎಲ್ಲವೂ ಅಲ್ಲಿದ್ದವು. ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ಮತ್ತು ಮೊಬೈಲ್ ಸಂಖ್ಯೆಗಳನ್ನು ತುಂಬಿದ ಮೇಲೆ ಒಟಿಪಿ ಕೇಳಿತು. ಒಟಿಪಿ ಚೌಕದ ಕೆಳಗೆ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರಗಳಲ್ಲಿ, ವರದಿಯನ್ನು ತರಿಸಿಕೊಳ್ಳಲು ಮತ್ತು ತಮ್ಮ ‘ಪಾಲುದಾರ’ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಲು ಅನುಮತಿ ನೀಡುವ ಸಾಲೊಂದಿದ್ದು, ಅದಕ್ಕೆ ಮೊದಲೇ ಟಿಕ್ ಹಾಕಲಾಗಿತ್ತು. ನಂತರ ‘ಗುರುತಿನ ದೃಢೀಕರಣಕ್ಕಾಗಿ’ ಯುಪಿಐ ಮೂಲಕ 1 ರೂಪಾಯಿ ಕಟ್ಟಲು ಹೇಳಿತು. ಅದು ಒಂದು ರೂಪಾಯಿಯ ಪಾವತಿಯಷ್ಟೇ ಆಗಿರದೆ, ಪ್ರತಿ ತಿಂಗಳೂ ಖಾತೆಯಿಂದ ಹಣ ಕಡಿತವಾಗುವ ಆಟೋಪೇ ಒಪ್ಪಿಗೆಯಾಗಿತ್ತು. ಇಂಥ ಒಪ್ಪಿಗೆಗೆ ಒಮ್ಮೆ ಪಿನ್ ಒತ್ತಿದರೆ, 15,000 ರೂಪಾಯಿವರೆಗಿನ ಮುಂದಿನ ಕಡಿತಗಳಿಗೆ ಸಾಮಾನ್ಯವಾಗಿ ಮತ್ತೆ ಪಿನ್ ಬೇಕಾಗುವುದಿಲ್ಲ. ಕಡಿತಕ್ಕೆ ಮುನ್ನಾದಿನ ಒಂದು ಸೂಚನೆ ಬರುತ್ತದೆ ನಿಜ. ಆದರೆ ಅಷ್ಟರಲ್ಲಿ ಆಕೆಯ ಮೊಬೈಲು ಸಾಲದ ಜಾಹೀರಾತುಗಳಿಂದ ತುಂಬಿಹೋಗಿದ್ದರಿಂದ, ಆ ಸೂಚನೆ ಅವುಗಳ ನಡುವೆ ಕಾಣದೇ ಹೋಯಿತು.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದು ಬಣ್ಣದ ಚಿತ್ರದೊಳಗಿನ ಒಂದು ಅಂಕಿ ಮಾತ್ರ. ಯಾವ ಸಾಲ, ಯಾರು ಕೊಟ್ಟದ್ದು, ಎಷ್ಟು ಸುಸ್ತಿ ಎಂಬ ಒಂದು ವಿವರವೂ ಇರಲಿಲ್ಲ. ಅವು ಬೇಕಾದರೆ ಇನ್ನೂ ದುಬಾರಿಯಾದ ಯೋಜನೆಗೆ ಸೇರಬೇಕಿತ್ತು. ಅದೇ ಪುಟದಲ್ಲಿದ್ದ ‘ನಿಮ್ಮ ಅರ್ಹತೆ ನೋಡಿ’ ಎಂಬ ಗುಂಡಿಯನ್ನು ಒತ್ತಿದ್ದರಿಂದ ಆಕೆಯ ಹೆಸರಿನಲ್ಲಿ ಸಾಲದ ಅರ್ಜಿಗಳು ಹೋಗಿ, ಸಾಲದಾತರ ವಿಚಾರಣೆಗಳು, ಅಂದರೆ ಅವರು ಆಕೆಯ ವರದಿಯನ್ನು ತರಿಸಿ ನೋಡಿದ್ದು, ಆ ವರದಿಯಲ್ಲೇ ದಾಖಲಾದವು. ನಮ್ಮ ವರದಿಯನ್ನು ನಾವೇ ತರಿಸಿ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ. ಆದರೆ ಸಾಲದಾತರು ಒಬ್ಬರ ಹಿಂದೊಬ್ಬರು ವಿಚಾರಿಸಿದರೆ ಅಂಕಕ್ಕೆ ಪೆಟ್ಟು ಬೀಳಬಹುದು. ಅಷ್ಟರಲ್ಲಿ ಇನ್ನೊಬ್ಬ ವ್ಯಕ್ತಿ ಕರೆಮಾಡಿ, ಸ್ಕೋರನ್ನು ಒಂದೇ ತಿಂಗಳಲ್ಲಿ 750 ದಾಟಿಸುವುದಾಗಿಯೂ ಅದಕ್ಕೆ 8,000 ರೂಪಾಯಿ ಮುಂಗಡ ಕೊಡಬೇಕೆಂದೂ ಹೇಳಿದ. ಈ ಮಾತನ್ನು ಯಾರೂ ನಂಬಬೇಡಿ. ವರದಿಯಲ್ಲಿರುವ ಸರಿಯಾದ ದಾಖಲೆಯನ್ನು ದುಡ್ಡು ಕೊಟ್ಟು ಅಳಿಸುವ ದಾರಿ ಯಾರ ಬಳಿಯೂ ಇಲ್ಲ. ತಪ್ಪು ದಾಖಲೆಯನ್ನು ತಿದ್ದಿಸಿಕೊಳ್ಳಲು ಸಾಲ ಮಾಹಿತಿ ಸಂಸ್ಥೆಗೆ ದುಡ್ಡು ಕೊಡಬೇಕಾಗಿಯೂ ಇಲ್ಲ.

ಆಕೆ ನನಗೆ ವಿಷಯ ತಿಳಿಸಿದ ಮೇಲೆ, ಮೊದಲಿಗೇ ಆಗಬೇಕಿದ್ದ ಕೆಲಸವನ್ನು ಇಬ್ಬರೂ ಕೂತು ಮಾಡಿದೆವು. ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಾಲ ಮಾಹಿತಿ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಮಾತಿನಲ್ಲಿ ಎಲ್ಲದಕ್ಕೂ ‘ಸಿಬಿಲ್’ ಎಂದೇ ಹೇಳುವುದರಿಂದ ಉಳಿದ ಮೂರರ ಹೆಸರು ಬಹಳ ಜನಕ್ಕೆ ಗೊತ್ತೇ ಇಲ್ಲ. ಈ ಸಂಸ್ಥೆಗಳು 2005ರ ಕಾಯ್ದೆಯೊಂದರ ಅಡಿಯಲ್ಲಿ ನಡೆಯುತ್ತವೆ. ಪ್ರತಿಯೊಂದು ಸಂಸ್ಥೆಯೂ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಸ್ಕೋರ್ ಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಮಾಡಿದ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ಅಂದರೆ, ಮೂರು ತಿಂಗಳಿಗೊಂದರಂತೆ ಒಂದೊಂದು ಸಂಸ್ಥೆಯಿಂದ ತರಿಸಿಕೊಂಡರೆ ವರ್ಷವಿಡೀ ನಮ್ಮ ಸಾಲದ ದಾಖಲೆಯ ಮೇಲೆ ಕಣ್ಣಿಟ್ಟಿರಬಹುದು. ಇದಕ್ಕೆ ಕಾರ್ಡಿನ ಸಂಖ್ಯೆಯಾಗಲಿ ಯುಪಿಐ ಪಿನ್ ಆಗಲಿ ಬೇಕಿಲ್ಲ. ಸಂಸ್ಥೆಯ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ. ಅಲ್ಲಿ ಹಣ ಕೊಟ್ಟು ಸೇರುವ ಯೋಜನೆಗಳೂ ಕಂಡರೆ ಅವನ್ನು ಬಿಟ್ಟು, ವರ್ಷಕ್ಕೊಮ್ಮೆಯ ಉಚಿತ ವರದಿಯ ಕೊಂಡಿಯನ್ನು ತಾಳ್ಮೆಯಿಂದ ಹುಡುಕಿ.

ವರದಿ ಕೈಗೆ ಬಂದಾಗ ವಿಷಯ ಸ್ಪಷ್ಟವಾಯಿತು. 300ರಿಂದ 900ರ ನಡುವಿನ ಆ ಅಂಕವನ್ನಷ್ಟೇ ನೋಡಿ ಮುಚ್ಚಿಡದೆ, ಸಾಲದ ಖಾತೆಗಳ ಪಟ್ಟಿಯನ್ನು ಒಂದೊಂದಾಗಿ ಓದಬೇಕು. ಪ್ರತಿ ಖಾತೆಯ ಕೆಳಗೆ ಯಾವ ತಿಂಗಳ ಕಂತು ಎಷ್ಟು ದಿನ ತಡವಾಯಿತು ಎಂಬುದು ತಿಂಗಳುವಾರಾಗಿ ನಮೂದಾಗಿರುತ್ತದೆ. ತಂಗಿಯ ಪಟ್ಟಿಯಲ್ಲಿ ಆಕೆ ಎಂದೂ ಪಡೆಯದ ಸಣ್ಣದೊಂದು ವೈಯಕ್ತಿಕ ಸಾಲವಿತ್ತು, ಅದು ತಿಂಗಳುಗಟ್ಟಲೆ ಸುಸ್ತಿಯಾಗಿತ್ತು, ಮತ್ತು ವಿಳಾಸಗಳ ಭಾಗದಲ್ಲಿ ಆಕೆ ಕಾಲಿಟ್ಟೂ ನೋಡಿರದ ಊರೊಂದರ ಹೆಸರಿತ್ತು. ಆಕೆಯ ಪ್ಯಾನ್ ಬಳಸಿ ಯಾರೋ ಆ ಸಾಲ ಪಡೆದಿದ್ದರು. ಬ್ಯಾಂಕಿನವರು ‘ಸರಿಯಿಲ್ಲ’ ಎಂದದ್ದು ಇದನ್ನೇ. ದುಡ್ಡು ಕಿತ್ತುಕೊಂಡ ತಾಣ ಇದರ ಸುಳಿವನ್ನೂ ಕೊಟ್ಟಿರಲಿಲ್ಲ ಎಂಬುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಕೂಡಲೇ ಸಾಲ ಮಾಹಿತಿ ಸಂಸ್ಥೆಯ ತಾಣದಲ್ಲೇ ತಕರಾರು ದಾಖಲಿಸಿ, ಸಾಲ ಕೊಟ್ಟ ಕಂಪನಿಗೂ ಲಿಖಿತವಾಗಿ ಬರೆದು, 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೂ ದೂರು ಕೊಟ್ಟೆವು. ಇಲ್ಲಿ ಗಡುವುಗಳು ನಮ್ಮ ಪರವಾಗಿವೆ. ತಕರಾರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಸಾಲದಾತರು ತಿದ್ದಿದ ಮಾಹಿತಿಯನ್ನು 21 ದಿನಗಳೊಳಗೆ ಕಳಿಸದಿದ್ದರೆ ಪರಿಹಾರದ ಹೊಣೆ ಅವರದು. ಅವರು ಕಳಿಸಿಯೂ ಕೆಲಸ ಮುಗಿಯದಿದ್ದರೆ ಹೊಣೆ ಸಾಲ ಮಾಹಿತಿ ಸಂಸ್ಥೆಯದು. ಆದ್ದರಿಂದ ತಕರಾರಿನ ಸಂಖ್ಯೆಯನ್ನೂ ದಾಖಲಿಸಿದ ದಿನಾಂಕವನ್ನೂ ತಪ್ಪದೆ ಬರೆದಿಟ್ಟುಕೊಳ್ಳಿ. ಸರಿಯಾದ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಬಳಿಗೆ ಶುಲ್ಕವಿಲ್ಲದೆ ಹೋಗಬಹುದು. 2022ರ ಸೆಪ್ಟೆಂಬರಿನಿಂದ ಸಾಲ ಮಾಹಿತಿ ಸಂಸ್ಥೆಗಳೂ ಆ ವ್ಯವಸ್ಥೆಯೊಳಗೆ ಬಂದಿವೆ. ದೂರು ಕೊಡುವ ಬಗೆಯನ್ನು 14448 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೇ ಕೇಳಿ ತಿಳಿಯಬಹುದು.

ಈಗಾಗಲೇ ಇಂಥ ತಾಣಕ್ಕೆ ವಿವರ ಕೊಟ್ಟುಬಿಟ್ಟವರು ಮೊದಲು ಯುಪಿಐ ಆ್ಯಪಿನ ಆಟೋಪೇ ವಿಭಾಗ ತೆರೆದು, ಗುರುತಿಲ್ಲದ ಒಪ್ಪಿಗೆಗಳನ್ನು ರದ್ದುಮಾಡಿ; ಆ್ಯಪನ್ನು ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಆಮೇಲೆ, ಕೊಟ್ಟ ಅನುಮತಿಯನ್ನು ಹಿಂಪಡೆಯುತ್ತಿರುವುದಾಗಿ ಆ ತಾಣಕ್ಕೆ ಇಮೇಲ್ ಕಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಯಾರಾದರೂ ಸಾಲದಾತರು ನಮ್ಮ ವರದಿಯನ್ನು ತೆಗೆದಾಗ ಸಾಲ ಮಾಹಿತಿ ಸಂಸ್ಥೆಗಳು ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ತಿಳಿಸಬೇಕೆಂಬ ನಿಯಮವಿದೆ. ಆದರೆ ಅವರ ದಾಖಲೆಯಲ್ಲಿ ಹಳೆಯ ಮೊಬೈಲ್ ಸಂಖ್ಯೆಯಿದ್ದರೆ ಆ ಸಂದೇಶ ನಿಮ್ಮನ್ನು ತಲುಪುವುದಿಲ್ಲ. ಬ್ಯಾಂಕಿನಲ್ಲಿ ಈಗಿನ ಸಂಖ್ಯೆಯನ್ನು ನಮೂದಿಸಿ, ಮುಂದಿನ ಉಚಿತ ವರದಿಯಲ್ಲಿ ಅದು ಬಂದಿದೆಯೇ ಎಂದು ನೋಡಿಕೊಳ್ಳಿ. ತಂಗಿಯ ವರದಿಯಿಂದ ಆ ಸಾಲವನ್ನು ಈಗ ತೆಗೆದುಹಾಕಿದ್ದಾರೆ, ಬ್ಯಾಂಕಿನವರು ಅರ್ಜಿಯನ್ನು ಮತ್ತೆ ಪರಿಶೀಲಿಸುತ್ತಿದ್ದಾರೆ. ಆ ತಾಣಕ್ಕೆ ನಾವು ಕಳಿಸಿದ ಇಮೇಲಿಗೆ ಮಾತ್ರ ಈವರೆಗೂ ಉತ್ತರ ಬಂದಿಲ್ಲ.