ಊರಿನವರ ಹೆಸರಿನಲ್ಲಿ ಹೋಟೆಲ್: ಹಣ ಕಟ್ಟುವ ಮೊದಲು ಇಷ್ಟು ವಿಚಾರಿಸಿ

ರಜೆಗೆಂದು ಮಲೆನಾಡಿನ ಕಡೆ ಕೊಠಡಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. "ಊರಿನ ಮಹಿಳೆಯರೇ ಒಡತಿಯರು, ಲಾಭವೆಲ್ಲ ಹಳ್ಳಿಗೆ, ಪರಿಸರಕ್ಕೆ ಎಳ್ಳಷ್ಟೂ ಹಾನಿಯಿಲ್ಲ" ಎಂದು ಹೇಳಿಕೊಳ್ಳುವ ಹೋಟೆಲೊಂದರಲ್ಲಿ ನಾವು ಮನೆಮಂದಿಯೆಲ್ಲ ಉಳಿದು ಬಂದೆವು. ಬಾಡಿಗೆ ಸುತ್ತಲಿನ ಹೋಂಸ್ಟೇಗಳ ಎರಡು ಪಟ್ಟು. ಹಳ್ಳಿಗೆ ಸೇರುವ ಹಣವಲ್ಲವೇ ಎಂದು ಸಂತೋಷದಿಂದಲೇ ಕೊಟ್ಟೆವು. ಆದರೆ ಆ ಹಣ ಹಳ್ಳಿಗೆ ಸೇರುತ್ತಿಲ್ಲ.

ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡದೊಂದು ಫೋಟೊ ಇದೆ. ಸೀರೆಯುಟ್ಟ ಹೆಂಗಸರು ಉಳಿತಾಯದ ಪುಸ್ತಕ ಹಿಡಿದು ಸಾಲಾಗಿ ನಿಂತಿದ್ದಾರೆ. ಕೆಳಗೆ "ನಮ್ಮ ಪಾಲುದಾರರು" ಎಂದು ಬರೆದಿದೆ. ಅವರಲ್ಲೊಬ್ಬರು ಹಿತ್ತಿಲಿನ ನಲ್ಲಿಯ ಬಳಿ ಕುಳಿತು, ಸೀದುಹೋದ ಪಾತ್ರೆಯೊಂದನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಮಾತನಾಡಿಸಿದೆ. "ನಮ್ಮದು ಸ್ತ್ರೀಶಕ್ತಿ ಸಂಘ ಅಕ್ಕಾ. ವಾರಕ್ಕೊಮ್ಮೆ ಸೇರಿ ದುಡ್ಡು ಕಟ್ಟುತ್ತೇವೆ. ಇವರು ಒಂದು ದಿನ ಸಭೆಗೆ ಬಂದು ಫೋಟೊ ಹಿಡಿದುಕೊಂಡು ಹೋದರು. ಇಲ್ಲಿ ನಮಗಿರುವುದು ದಿನಗೂಲಿ, ಮಳೆಗಾಲದಲ್ಲಿ ಅದೂ ಇಲ್ಲ" ಎಂದರು. ಪಾಲು, ಲಾಭ, ಲೆಕ್ಕಪತ್ರ ಎಂಬ ಮಾತುಗಳು ಅವರ ಕಿವಿಗೇ ಬಿದ್ದಿರಲಿಲ್ಲ. ಅಡುಗೆ ಮಾಡುವವರು ಗುತ್ತಿಗೆದಾರನ ಕಡೆಯವರು. ತರಕಾರಿ ಪೇಟೆಯಿಂದ ಬರುತ್ತದೆ. ಹಾಗಿರುವಾಗ ಆ ಹೆಂಗಸರ ಮುಖವನ್ನು ತೋರಿಸಿ ದುಡ್ಡು ಕೇಳಲು ಇವರಿಗೆ ಮನಸ್ಸಾದರೂ ಹೇಗೆ ಬಂತು?

ಪರಿಸರದ ಮಾತೂ ಅಷ್ಟೇ. ಕೊಠಡಿಯಲ್ಲಿ ಮಣ್ಣಿನ ಹೂಜಿ, ಬಿದಿರಿನ ಬ್ರಷ್. ಹಿಂದುಗಡೆ ಬಚ್ಚಲಿನ ಸೋಪಿನ ನೀರು ಪೈಪಿನ ಮೂಲಕ ನೇರವಾಗಿ ಹಳ್ಳಕ್ಕೆ ಬೀಳುತ್ತದೆ. ಕೆಳಗಿನ ಗದ್ದೆಗಳಿಗೆ ಹೋಗುವುದು ಅದೇ ನೀರು.

ಹೊರಡುವಾಗ ಬಿಲ್ಲಿನಲ್ಲಿ "ಗ್ರಾಮಾಭಿವೃದ್ಧಿ ನಿಧಿ" ಎಂದು ಶೇಕಡಾ 10 ಸೇರಿಸಿದ್ದರು. ಯಾವ ಸಂಸ್ಥೆಯ ಖಾತೆಗೆ ಹೋಗುತ್ತದೆ, ರಸೀದಿ ಕೊಡಿ ಎಂದೆ. ಆಮೇಲೆ ಕಳುಹಿಸುತ್ತೇವೆ ಎಂದರು; ಇವತ್ತಿಗೂ ಬಂದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ, ತೆರಿಗೆ ಬಿಟ್ಟು ಆ ಹೋಟೆಲಿನಿಂದ ಬಿಡಿಗಾಸೂ ಬಂದಿಲ್ಲ ಎಂಬ ಉತ್ತರ ಸಿಕ್ಕಿತು.

ಇಂಥ ಸಾಲು ನಿಮ್ಮ ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಎಂದು ಗಟ್ಟಿಯಾಗಿ ಹೇಳಿ. ಹೋಟೆಲುಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು ಎಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಆಧಾರವಿಲ್ಲದೆ "ಪರಿಸರಸ್ನೇಹಿ" ಎಂದು ಹೇಳಿಕೊಳ್ಳುವುದರ ವಿರುದ್ಧವೂ ಅದೇ ಪ್ರಾಧಿಕಾರದ 2024ರ ಮಾರ್ಗಸೂಚಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಾನು ಬಿಲ್ಲಿನ ಪ್ರತಿ ಲಗತ್ತಿಸಿ ದೂರು ಕೊಟ್ಟಿದ್ದೇನೆ.

ನನ್ನ ಸಿಟ್ಟು ಬರೀ ದುಡ್ಡು ಹೋಯಿತು ಎಂದಲ್ಲ. ನಿಜವಾಗಿಯೂ ಊರಿನವರೇ ನಡೆಸುವ ವಸತಿಗಳೂ, ಪ್ರವಾಸಿಗರ ಹಣ ಊರಿನವರಿಗೇ ಸೇರುವ ವ್ಯವಸ್ಥೆಗಳೂ ಇವೆ. ಗುಜರಾತಿನ ಕಚ್ ಜಿಲ್ಲೆಯ ಹೊಡ್ಕ ಗ್ರಾಮದಲ್ಲಿ ಭುಂಗಾ ಎಂಬ ದುಂಡನೆಯ ಮಣ್ಣಿನ ಮನೆಗಳ ಶಾಮ್-ಎ-ಸರ್‌ಹದ್ ಎಂಬ ವಸತಿ ಇದೆ. ಅದನ್ನು ನಡೆಸುವುದು ಹಳ್ಳಿಯದೇ ಸಮಿತಿ. ನಮ್ಮ ಆನೆಗುಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ 1997ರಿಂದ ಊರಿನವರ ಜೊತೆ ಕೆಲಸ ಮಾಡುತ್ತಿದೆ. ಬಾಳೆನಾರಿನ ಕೆಲಸ ಕಲಿತ ಹೆಂಗಸರು ಅದರಿಂದ ಸಂಪಾದಿಸುತ್ತಿದ್ದಾರೆ. ಕೇರಳದ ಕುಮರಕಂನಲ್ಲಿ 2008ರಿಂದ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಗುಂಪುಗಳು ಬೆಳೆದ ತರಕಾರಿಯನ್ನು ಹೋಟೆಲುಗಳಿಗೆ ಕೊಡುವ ವ್ಯವಸ್ಥೆ ಬಂತು. ಇವೆಲ್ಲ ವರ್ಷಗಟ್ಟಲೆ ದುಡಿದು ಕಟ್ಟಿದ್ದು. ಸುಳ್ಳು ಹೇಳುವವರಿಂದಾಗಿ ಜನ ನಾಳೆ ಇವರನ್ನೂ ನಂಬದೆ ಹೋದರೆ ಎಂಬುದೇ ನನ್ನ ಸಂಕಟ.

ಮುಂಗಡ ಕಳುಹಿಸುವ ಮೊದಲು ಕೇಳಿ: ಪರವಾನಗಿ ಯಾರ ಹೆಸರಿನಲ್ಲಿದೆ? ಸಂಘಕ್ಕೆ ಪಾಲು ಸಿಗುತ್ತದೆಯೋ ಕೂಲಿ ಸಿಗುತ್ತದೆಯೋ? ಕಳೆದ ವರ್ಷ ಹಳ್ಳಿಗೆ ಕೊಟ್ಟದ್ದೆಷ್ಟು, ಯಾವ ಕೆಲಸಕ್ಕೆ? ಎಲ್ಲಕ್ಕಿಂತ ಮುಖ್ಯವಾಗಿ, ಸಂಘದ ಅಧ್ಯಕ್ಷೆಯವರೊಡನೆ ಫೋನಿನಲ್ಲಿ ಮಾತನಾಡಿಸಿ ಎನ್ನಿ. ಮ್ಯಾನೇಜರ್ ಮಾತು ತೇಲಿಸಿದರೆ ಅಲ್ಲಿಗೇ ಬಿಟ್ಟು, ಅದೇ ಊರಿನ ಯಾವುದಾದರೂ ಮನೆಯವರ ಹೋಂಸ್ಟೇಯಲ್ಲಿ ಉಳಿಯಿರಿ. ಬಾಡಿಗೆ ಅರ್ಧದಷ್ಟೇ ಆಗುತ್ತದೆ, ಕೊಟ್ಟ ಹಣ ಆ ಊರಿನ ಒಂದು ಮನೆಗಾದರೂ ಸೇರುತ್ತದೆ.