ದುಂಡಗೆ ಬಂತು, ಮಟ್ಟ ಕೂರಲಿಲ್ಲ: ಕೈಯಲ್ಲಿ ತಿರುಗಿಸುವ ರಿಂಗ್ ಬೆಂಡಿಂಗ್ ಮೆಷಿನ್, ಆರು ತಿಂಗಳು ಬಳಸಿದ ಮೇಲೆ

ಅಮ್ಮನಿಗೆ ಫ್ರಿಜ್ ನೀರು ಆಗಿಬರುವುದಿಲ್ಲ. ಬೇಸಿಗೆ ಬಂತು ಅಂದರೆ ಮಣ್ಣಿನ ಗಡಿಗೆಯೇ ಬೇಕು. ಗಡಿಗೆಯ ತಳ ದುಂಡಗಿರುತ್ತದೆ, ಬರೀ ನೆಲದ ಮೇಲೆ ನಿಲ್ಲುವುದಿಲ್ಲ. ಬಟ್ಟೆಯ ಸಿಂಬೆ ಸುತ್ತಿ ಇಟ್ಟರೆ ಅದು ಮೂರು ಹೊತ್ತೂ ಒದ್ದೆ. ಹಾಗಾಗಿ ಒಂದು ಕಬ್ಬಿಣದ ಬಳೆ, ಅದಕ್ಕೆ ಮೂರು ಕಾಲು, ಇಷ್ಟು ಮಾಡಿಕೊಡೋಣ ಅಂತ ಶುರು ಮಾಡಿದೆ. ನೋಡಿದ ಅಕ್ಕಪಕ್ಕದವರು ನಮಗೂ ಒಂದಿರಲಿ ಅಂದರು. ಆಮೇಲೆ ತಾರಸಿಯ ಹೂಕುಂಡಗಳಿಗೆ ಬೇಕು ಅಂದರು. ಹಿತ್ತಲಿನ ಶೆಡ್ಡಿನಲ್ಲಿ ವೈಸ್, ಗ್ರೈಂಡರ್, ಒಂದು ಸಣ್ಣ ವೆಲ್ಡಿಂಗ್ ಮೆಷಿನ್ ಮೊದಲೇ ಇದ್ದವು. ಬಳೆ ಬಗ್ಗಿಸಲು ಮಾತ್ರ ಏನೂ ಇರಲಿಲ್ಲ.

ಮೊದಲು ಪೈಪಿಗೆ ಸುತ್ತಿ ನೋಡಿದೆ. 6 ಇಂಚಿನ ಜಿಐ ಪೈಪಿನ ತುಂಡೊಂದು ಬಿದ್ದಿತ್ತು, ಅದರ ಹೊರ ಅಳತೆ (ವ್ಯಾಸ) 168 ಮಿಲಿಮೀಟರ್. 8 ಮಿಲಿಮೀಟರ್ ಸರಳನ್ನು ಅದಕ್ಕೆ ಬಿಗಿಯಾಗಿ ಸುತ್ತಿ ಬಿಟ್ಟರೆ ಬಳೆ ಪೈಪಿನಷ್ಟೇ ಇರುವುದಿಲ್ಲ, ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ನನಗೆ ಬಂದದ್ದು ಒಳ ಅಳತೆ 177ರ ಹತ್ತಿರ. ಕಬ್ಬಿಣಕ್ಕೆ ತನ್ನ ಮೊದಲಿನ ಆಕಾರಕ್ಕೆ ಮರಳುವ ಗುಣ ಒಂದಿಷ್ಟು ಉಳಿದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದು ಸಣ್ಣ ಪೈಪೇ ಹುಡುಕಬೇಕು. ನಾಲ್ಕಾರು ಬಳೆ ಸಾಕು ಅನ್ನುವವರಿಗೆ ಈ ದಾರಿಯೇ ಒಳ್ಳೆಯದು, ಮೆಷಿನ್ ಬೇಕಿಲ್ಲ. ನನಗೆ ಬೇಕಿದ್ದದ್ದು ಬೇರೆ ಬೇರೆ ಅಳತೆಯವು, ಜಾಸ್ತಿ ಸಂಖ್ಯೆಯಲ್ಲಿ. ಪ್ರತಿ ಅಳತೆಗೂ ಒಂದೊಂದು ಪೈಪ್ ಎಲ್ಲಿಂದ ತರುವುದು?

ಬೆಂಗಳೂರಿಗೆ ಹೋದಾಗ ಟೌನ್‌ಹಾಲ್ ಹತ್ತಿರದ ಎಸ್‌ಜೆಪಿ ರಸ್ತೆಗೆ ಹೋಗಿ ಮೂರು ರೋಲರಿನ ಕೈ ಮೆಷಿನ್ ತಂದೆ. ಅಂಗಡಿಯ ಹೆಸರು, ಕಂಪನಿಯ ಹೆಸರು ಬೇಡ. ಇದೇ ನಮೂನೆಯದನ್ನು ಹಲವರು ಮಾಡಿ ಮಾರುತ್ತಾರೆ, ನಾನು ಹೇಳುವುದು ಎಲ್ಲದಕ್ಕೂ ಅನ್ವಯಿಸಬಹುದು.

ಕಬ್ಬಿನ ಹಾಲಿನ ಗಾಡಿಯ ಮೆಷಿನ್ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಜಾತಿ. ಕೆಳಗೆ ಎರಡು ರೋಲರ್, ಅವೆರಡರ ನಡುವೆ ಮೇಲಿನಿಂದ ಒಂದು. ಮೇಲಿನದನ್ನು ಸ್ಕ್ರೂ ತಿರುಗಿಸಿ ಇಳಿಸಬಹುದು. ಸರಳನ್ನು ನಡುವೆ ತೂರಿಸಿ, ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ, ಹಿಡಿಕೆ ತಿರುಗಿಸಿ ಆ ಕಡೆಯಿಂದ ಈ ಕಡೆಗೆ ಓಡಿಸಬೇಕು. ಮತ್ತೆ ಕಾಲು ಸುತ್ತು ಬಿಗಿ, ಮತ್ತೆ ಓಡಿಸು. ಒಂದೇ ಸಲಕ್ಕೆ ಬಗ್ಗಿಸಲು ಹೋದರೆ ರೋಲರ್ ಜಾರುತ್ತದೆ, ಸರಳಿನ ಮೇಲೆ ಗಾಯ ಬೀಳುತ್ತದೆ. ನಿಧಾನಕ್ಕೆ ಮಾಡಿದರೆ ಬಿಲ್ಲಿನಂತಿದ್ದ ಸರಳು ಅರ್ಧಚಂದ್ರವಾಗಿ, ಆಮೇಲೆ ತುದಿಗೆ ತುದಿ ಸೇರುವುದನ್ನು ನೋಡುವುದೇ ಒಂದು ಖುಷಿ. ಈ ವಿಷಯದಲ್ಲಿ ಮೆಷಿನ್ ಮೇಲೆ ನನಗೆ ಯಾವ ದೂರೂ ಇಲ್ಲ. ರೋಲರುಗಳು ಗಟ್ಟಿ, ಇವತ್ತಿಗೂ ಒಂದು ಕಚ್ಚು ಬಿದ್ದಿಲ್ಲ. 10 ಮಿಲಿಮೀಟರ್ ತನಕ ಒಬ್ಬನೇ ಮಾಡಬಹುದು. 12ಕ್ಕೆ ಹಿಡಿಕೆ ಗಿಡ್ಡವಾಯಿತು, ತಮ್ಮನನ್ನು ಕರೆಯಬೇಕಾಯಿತು. ಮೆಷಿನ್ನನ್ನು ಮಾತ್ರ ಗಟ್ಟಿ ಟೇಬಲ್ಲಿಗೆ ನಾಲ್ಕು ಬೋಲ್ಟ್ ಹಾಕಿ ಕೂರಿಸಿ. ನಾನು ಮೊದಲು ಮರದ ಟೇಬಲ್ಲಿಗೆ ಹಾಕಿದ್ದೆ, ಹಿಡಿಕೆ ಎಳೆದಾಗ ಟೇಬಲ್ಲೇ ಎದ್ದು ಬರುತ್ತಿತ್ತು.

ಇನ್ನು ತೊಂದರೆ.

ಮೊದಲ ದಿನ 723 ಮಿಲಿಮೀಟರ್ ಉದ್ದದ ತುಂಡು ಕತ್ತರಿಸಿ ಬಗ್ಗಿಸಿದೆ. ಲೆಕ್ಕ ಸುಲಭ: ಒಳ ಅಳತೆ 220, ಸರಳು 10, ಅಂದರೆ ಸರಳಿನ ನಡುಗೆರೆಯ ಅಳತೆ 230. ಅದನ್ನು 3.1416ರಿಂದ ಗುಣಿಸಿದರೆ 723ಕ್ಕೆ ಹತ್ತಿರ. ಒಳ ಅಳತೆಯನ್ನೇ ಗುಣಿಸಿದರೆ ಬಳೆ ಸಣ್ಣದಾಗುತ್ತದೆ, ಹೊರ ಅಳತೆ ಹಿಡಿದರೆ ದೊಡ್ಡದಾಗುತ್ತದೆ, ನಡುವಿನದೇ ಸರಿ. ಉದ್ದ ಸರಿಯಿತ್ತು, ಬಳೆ ಮಾತ್ರ ಮಾವಿನಕಾಯಿ ಆಕಾರಕ್ಕೆ ಬಂತು. ಯಾಕೆಂದರೆ ಸರಳಿನ ಎರಡೂ ತುದಿ ರೋಲರುಗಳ ನಡುವೆ ಸಿಗುವುದೇ ಇಲ್ಲ, ಅಲ್ಲಿ ಎರಡೆರಡು ಇಂಚು ನೆಟ್ಟಗೇ ಉಳಿಯುತ್ತದೆ. ಇದು ಈ ಮೆಷಿನ್ನಿನ ತಪ್ಪಲ್ಲ, ಈ ನಮೂನೆಯ ಮೂರು ರೋಲರಿನ ಮೆಷಿನ್‌ಗಳೆಲ್ಲ ಹೀಗೇ. ಆದರೆ ಅಂಗಡಿಯಲ್ಲಿ ಯಾರೂ ಇದನ್ನು ಹೇಳಲಿಲ್ಲ, ಜೊತೆಗೆ ಕೊಟ್ಟ ಹಾಳೆಯಲ್ಲೂ ಇರಲಿಲ್ಲ.

ಅದಕ್ಕೆ ಪರಿಹಾರ, ತುಂಡು ಮಾಡದೆ ಪೂರ್ತಿ ಸರಳನ್ನೇ ಸುತ್ತುವುದು. ಇಡೀ ಸರಳು ಸ್ಪ್ರಿಂಗಿನಂತೆ ಸುತ್ತಿಕೊಂಡು ಬರುತ್ತದೆ. ಆಮೇಲೆ ಅದರ ಒಂದು ಪಕ್ಕಕ್ಕೆ ನೇರವಾಗಿ ಸೀಮೆಸುಣ್ಣದ ಗೆರೆ ಎಳೆದು ಗ್ರೈಂಡರಿನಲ್ಲಿ ಕತ್ತರಿಸಿದರೆ ಬಳೆಗಳು ಒಂದೊಂದಾಗಿ ಬಿಡಿಬಿಡಿಯಾಗುತ್ತವೆ. 6 ಮೀಟರ್ ಸರಳಿಗೆ 220ರ ಬಳೆ ಸರಿಯಾಗಿ 8 ಬರುತ್ತದೆ. 8 ಬಳೆಗೆ 5784 ಮಿಲಿಮೀಟರ್ ಹೋದರೆ ಉಳಿಯುವುದು 216. ಅಂದರೆ ಆ ತುದಿ ಈ ತುದಿ ಒಂದೊಂದು ಗೇಣಿನ ಅರ್ಧದಷ್ಟು, ನೆಟ್ಟಗಿರುವ ಭಾಗ ಅದರಲ್ಲೇ ಕಳೆದುಹೋಗುತ್ತದೆ. ಬೇರೆ ವ್ಯರ್ಥವೇ ಇಲ್ಲ.

ದುಂಡಗಂತೂ ಬಂತು. ಆದರೆ ಬಳೆಯನ್ನು ನೆಲದ ಮೇಲಿಟ್ಟರೆ ಮಟ್ಟ ಕೂರಲಿಲ್ಲ. ಒಂದು ತುದಿ ನೆಲಕ್ಕೆ, ಇನ್ನೊಂದು ಮೇಲಕ್ಕೆ. ಸ್ಪ್ರಿಂಗಿನಂತೆ ಸುತ್ತಿದ ಮೇಲೆ ಸರಳಿನ ದಪ್ಪದಷ್ಟು ಏರು ಇದ್ದೇ ಇರುತ್ತದೆ, ಅದು ಗೊತ್ತಿತ್ತು. ನನಗೆ ಬಂದ ಏರು ಅದಕ್ಕಿಂತ ತುಂಬಾ ಜಾಸ್ತಿ, ಅದೂ ಒಂದೊಂದು ಬಳೆಗೆ ಒಂದೊಂದು ಥರ. ಒಂದೇ ಸುತ್ತಿನ ಬಳೆ ಮಾಡಿ ನೋಡಿದರೂ 12 ಮಿಲಿಮೀಟರ್ ಎತ್ತಿಕೊಂಡಿತ್ತು. ಮೇಲಿನ ರೋಲರನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದೆ. ಅಲ್ಲೇ ಸಿಕ್ಕಿತು. ಶಾಫ್ಟಿನ ಮೇಲೆ ಅದು ಪಕ್ಕಕ್ಕೆ ಸುಮಾರು 2 ಮಿಲಿಮೀಟರ್ ಜರುಗುತ್ತಿತ್ತು. ಭಾರ ಬಿದ್ದಾಗ ರೋಲರ್ ಪಕ್ಕಕ್ಕೆ ಸರಿದರೆ ಮೂರೂ ರೋಲರಿನಲ್ಲಿ ಸರಳು ಕೂರುವ ಗೀರು ಒಂದೇ ಸಾಲಿನಲ್ಲಿ ಇರುವುದಿಲ್ಲ, ಸರಳು ಬಗ್ಗುವುದರ ಜೊತೆಗೆ ಓರೆಯಾಗಿ ಹೊರಳುತ್ತದೆ.

ಅಂಗಡಿಗೆ ಫೋನ್ ಮಾಡಿದೆ. "ಕೈ ಮೆಷಿನ್ ಅಂದ್ರೆ ಹಾಗೇ ಇರುತ್ತೆ ಸಾರ್" ಅಂದರು. ಎರಡನೇ ಸಲ ಮಾಡಿದಾಗ ಬೆಂಗಳೂರಿಗೆ ತಂದುಕೊಡಿ ನೋಡೋಣ ಅಂದರು. ಸುಮಾರು 30 ಕಿಲೋ ಭಾರದ್ದನ್ನು ಮೈಸೂರಿನಿಂದ ಹೊತ್ತುಕೊಂಡು ಹೋಗುವುದು ಸುಲಭವಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸಿತು. ಬೆಲೆ ಕಡಿಮೆ ಇರಲಿ ಅಂತ ನಾನು ಚೌಕಾಸಿ ಮಾಡಿದವನಲ್ಲ, ಕೇಳಿದಷ್ಟು ಕೊಟ್ಟಿದ್ದೆ. ರೋಲರಿನ ಪಕ್ಕ ಒಂದು ವಾಷರ್ ಹಾಕಿ ಕಳಿಸಲು ಮಾಡುವವರಿಗೆ ಎಷ್ಟು ಹೊತ್ತು ಬೇಕು?

ಕೊನೆಗೆ ನಾನೇ ಬಿಚ್ಚಿದೆ. ಶಾಫ್ಟಿನ ತುದಿಯ ಲಾಕ್ ತೆಗೆದು, ಎರಡೂ ಬದಿಗೆ ಒಂದೊಂದು ತೆಳು ವಾಷರ್ ಹಾಕಿ, ಗ್ರೀಸ್ ತುಂಬಿ ಮತ್ತೆ ಜೋಡಿಸಿದೆ. ಅರ್ಧ ಗಂಟೆಯ ಕೆಲಸ. 12 ಮಿಲಿಮೀಟರ್ ಇದ್ದ ಏರು 3ಕ್ಕೆ ಬಂತು. ಈಗ ಸರಳನ್ನು ಒಳಗೆ ಬಿಡುವಾಗ ನೇರ ಹಿಡಿದರೆ ನೇರ ಬರುತ್ತದೆ. ಮೊದಲ ಸುತ್ತು ಮುಗಿದು ತುದಿ ತಿರುಗಿ ಬಂದಾಗ ಮಾತ್ರ ಕೈಯಿಂದ ಸ್ವಲ್ಪ ಪಕ್ಕಕ್ಕೆ ಒತ್ತಿ ದಾರಿ ಬಿಡಿಸಬೇಕು, ಅಷ್ಟೇ.

ಉಳಿದ ಏರನ್ನು ತೆಗೆಯುವುದು ಕೈಕೆಲಸ. ಇದನ್ನು ಕಲಿಸಿದವರು ನಮ್ಮ ಊರಿನ ಆಚಾರ್ರು, ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುತ್ತಿದ್ದವರು. ಬಳೆಯ ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಇನ್ನೊಂದು ತುದಿಯನ್ನು ಸ್ಪ್ಯಾನರಿನಲ್ಲಿ ಹಿಡಿದು ಕೆಳಕ್ಕೆ ಒತ್ತುತ್ತಿದ್ದೆ. ಎರಡು ತುದಿ ಸಮ ಆದ ಕೂಡಲೇ ಬಿಟ್ಟುಬಿಡುತ್ತಿದ್ದೆ, ಅದು ವಾಪಸ್ ಏಳುತ್ತಿತ್ತು. "ಅಷ್ಟಕ್ಕೇ ಬಿಡಬೇಡ ಮಗ, ಇನ್ನೊಂದು ಬೆರಳು ಆಚೆ ದಾಟಿಸು, ಅದೇ ವಾಪಸ್ ಬಂದು ಕೂರುತ್ತೆ" ಅಂದರು. ಹಾಗೇ ಆಯಿತು. ಆಮೇಲೆ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಗ್ರಾನೈಟ್ ತುಂಡಿನ ಮೇಲೆ ಬಳೆ ಇಟ್ಟು, ಬೆರಳಿನಿಂದ ಸುತ್ತಲೂ ಒಂದೊಂದೇ ಕಡೆ ಒತ್ತುತ್ತಾ ಬರುತ್ತೇನೆ. ಎತ್ತಿಕೊಂಡಿರುವ ಕಡೆ ಟಕ್ ಅನ್ನುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಬಳೆಯನ್ನು ಕಮ್ಮಾರರ ಕಬ್ಬಿಣದ ಅಡಿಗಲ್ಲಿಗೆ ಒಯ್ದು ಒಂದೆರಡು ಪೆಟ್ಟು, ಮತ್ತೆ ಗ್ರಾನೈಟಿನ ಮೇಲೆ. ಗ್ರಾನೈಟಿನ ಮೇಲೇ ಸುತ್ತಿಗೆ ಹಾಕಬೇಡಿ, ಕಲ್ಲು ಸೀಳುತ್ತದೆ. ಎಲ್ಲಿ ಒತ್ತಿದರೂ ಸದ್ದು ಬರದೇ ಇದ್ದಾಗ ಬಳೆ ಮಟ್ಟ ಆಯಿತು ಅಂತ. ಆಗಲೇ ತುದಿಗಳನ್ನು ಬೆಸೆಯುವುದು. ಮೊದಲೇ ವೆಲ್ಡಿಂಗ್ ಮಾಡಿಬಿಟ್ಟರೆ ಆಮೇಲೆ ತಿದ್ದುವುದು ಬಹಳ ಕಷ್ಟ.

ಸರಳಿನ ಬಗ್ಗೆ ಒಂದು ಮಾತು. ಮನೆ ಕಟ್ಟಿದ್ದರಲ್ಲಿ ಉಳಿದ ಟಿಎಂಟಿ ಕಂಬಿ ಇದೆ, ಅದನ್ನೇ ಹಾಕಬಹುದಾ ಅಂತ ಒಬ್ಬರು ಕೇಳಿದರು. ಬೇಡ. ಎಫ್‌ಇ 500 ದರ್ಜೆಯ ಟಿಎಂಟಿ ಕಂಬಿಯನ್ನು ಬಗ್ಗಿಸಲು ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್) ಸರಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಲ ಬೇಕು, ಬಿಟ್ಟಾಗ ಬಿಚ್ಚಿಕೊಳ್ಳುವುದೂ ಜಾಸ್ತಿ, ಮೇಲಿನ ಗೆರೆಗಳು ರೋಲರಿನಲ್ಲಿ ಕುಣಿಯುತ್ತವೆ. ನುಣುಪಾದ ಎಂಎಸ್ ಸರಳೇ ತನ್ನಿ. ತೂಕದಲ್ಲಿ ಮೋಸ ಹೋಗಬಾರದು ಅಂದರೆ ದಪ್ಪವನ್ನು ದಪ್ಪದಿಂದಲೇ ಗುಣಿಸಿ 162ರಿಂದ ಭಾಗಿಸಿ, ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 10 ಮಿಲಿಮೀಟರಿನದು 6 ಮೀಟರಿಗೆ 3.7 ಕಿಲೋ ತೂಗಬೇಕು.

ಸ್ಕ್ರೂ ಮೇಲೆ ಅಳತೆಯ ಗುರುತು ಒಂದೂ ಇಲ್ಲ, ಅದೊಂದು ದೊಡ್ಡ ಕೊರತೆ. ನಾನು ಬಿಳಿ ಪೇಂಟಿನಲ್ಲಿ ಚುಕ್ಕಿ ಇಟ್ಟುಕೊಂಡು, ಯಾವ ಸರಳಿಗೆ ಎಷ್ಟು ಸುತ್ತು ಅಂತ ಶೆಡ್ಡಿನ ಗೋಡೆಯ ಮೇಲೆ ಬರೆದಿದ್ದೇನೆ.

ಕೊಳ್ಳಬೇಕಾ ಅಂತ ಕೇಳಿದರೆ, ತಿಂಗಳಿಗೆ ಹತ್ತಿಪ್ಪತ್ತು ಬಳೆ ಬೇಕಾದವರು ಕೊಳ್ಳಿ. ನನಗೆ ದುಡ್ಡು ದಂಡ ಆಯಿತು ಅಂತ ಅನ್ನಿಸಿಲ್ಲ. ಆದರೆ ಅಂಗಡಿಗೆ ಹೋಗುವಾಗ ಒಂದು ಮೀಟರ್ ಸರಳು ಜೊತೆಗೆ ಒಯ್ಯಿರಿ. ದುಡ್ಡು ಕೊಡುವ ಮುಂಚೆ ಮೂರೂ ರೋಲರನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಆಮೇಲೆ ಅಲ್ಲೇ ಒಂದು ಬಳೆ ಸುತ್ತಿಸಿ, ಅಂಗಡಿಯ ಗಾಜಿನ ಕೌಂಟರ್ ಮೇಲೆ ಮೆಲ್ಲಗೆ ಇಟ್ಟು, ಎಷ್ಟು ಎತ್ತಿಕೊಂಡಿದೆ ಅಂತ ಸ್ಕೇಲ್ ಹಿಡಿದು ನೋಡಿ.