ಮುಂಬೈಯಿಂದ ವರ್ಜೀನಿಯಾಕ್ಕೆ: ಬ್ಯಾಕಪ್ ಹೆಸರಿನಲ್ಲಿ ಬಂದ ಬಿಲ್

ಚಿಕ್ಕಮಗಳೂರಿನಿಂದ ಹೋಂಸ್ಟೇ ಬುಕಿಂಗ್ ಜಾಲತಾಣ ನಡೆಸುವ ನಮ್ಮ ಸಣ್ಣ ಸಂಸ್ಥೆಯ ತಿಂಗಳ ಕ್ಲೌಡ್ ಬಿಲ್ (ಬೇರೆ ಕಂಪನಿಯ ಸರ್ವರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸಿದ್ದಕ್ಕೆ ಕಟ್ಟುವ ಹಣ) ಯಾವತ್ತೂ ಏಳು ಸಾವಿರ ರೂಪಾಯಿ ದಾಟಿರಲಿಲ್ಲ. ಮಕ್ಕಳ ಪರೀಕ್ಷೆಯ ಕಾಲವಾದ್ದರಿಂದ ಬುಕಿಂಗ್ ತೀರಾ ಇಳಿದಿದ್ದ ಮಾರ್ಚ್ ತಿಂಗಳಿನಲ್ಲಿ ಅದು 32,000 ರೂಪಾಯಿ ಮೀರಿತು. ಸಣ್ಣ ಊರುಗಳಲ್ಲಿ ಕುಳಿತು ಇಂಥ ಜಾಲತಾಣ ನಡೆಸುವವರು ಇನ್ನೂ ಅನೇಕರಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬಿಲ್ಲಿನಲ್ಲಿ ಸರ್ವರ್, ಡೇಟಾಬೇಸ್, ಸ್ಟೋರೇಜ್ ಎಲ್ಲವೂ ಹಿಂದಿನಂತೆಯೇ ಇದ್ದವು. ಉಬ್ಬಿದ್ದು ‘ಡೇಟಾ ಟ್ರಾನ್ಸ್‌ಫರ್’ ಮಾತ್ರ. ಅದನ್ನು ಬಿಡಿಸಿ ನೋಡಿದರೆ, ಎರಡು ರೀಜನ್‌ಗಳ (ಕ್ಲೌಡ್ ಕಂಪನಿಯ ಸರ್ವರ್ ಕೇಂದ್ರಗಳಿರುವ ಪ್ರದೇಶಗಳ) ಸಂಕೇತಾಕ್ಷರಗಳನ್ನು ಅಡ್ಡಗೆರೆಯಿಂದ ಜೋಡಿಸಿ ಕೊನೆಯಲ್ಲಿ ‘ಔಟ್ ಬೈಟ್ಸ್’, ಅಂದರೆ ಹೊರಹೋದ ದತ್ತಾಂಶ, ಎಂದು ಬರೆದಿದ್ದ ಒಂದು ಸಾಲು, ಅದರ ಪಕ್ಕದಲ್ಲಿ ಸುಮಾರು 3,000 ಜಿಬಿ. ಗ್ರಾಹಕರು ಚಿತ್ರಗಳನ್ನು ನೋಡಿದ್ದರಿಂದ ಆದ ಬಳಕೆ ಬೇರೊಂದು ಸಾಲಿನಲ್ಲಿತ್ತು, ಅದು ಕಡಿಮೆಯೇ ಇತ್ತು. ಅಂದರೆ ನಮ್ಮ ದತ್ತಾಂಶ ಹೊರಗಿನ ಯಾರ ಕೈಗೂ ಹೋಗದೆ, ಅದೇ ಕಂಪನಿಯ ಒಂದು ರೀಜನ್‌ನಿಂದ ಇನ್ನೊಂದಕ್ಕೆ ಸಾಗಿತ್ತು.

ಬ್ಯಾಕಪ್ (ದತ್ತಾಂಶ ಕಳೆದುಹೋದರೆ ಇರಲೆಂದು ಇಡುವ ಹೆಚ್ಚುವರಿ ನಕಲು) ವ್ಯವಸ್ಥೆ ಮಾಡಿಕೊಡಲು ಗೊತ್ತುಪಡಿಸಿದ್ದ ಗುತ್ತಿಗೆದಾರರು ಬರೆದಿಟ್ಟು ಹೋಗಿದ್ದ ಸ್ಕ್ರಿಪ್ಟ್ (ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ) ನಮ್ಮ ಫೋಟೊ, ವಿಡಿಯೊ, ಡೇಟಾಬೇಸ್ ಎಲ್ಲ ಸೇರಿ 100 ಜಿಬಿಯಷ್ಟನ್ನು ಪ್ರತಿ ರಾತ್ರಿ ಮುಂಬೈಯಿಂದ ಅಮೆರಿಕದ ವರ್ಜೀನಿಯಾಕ್ಕೆ ಇಡಿಯಾಗಿ ನಕಲು ಮಾಡುತ್ತಿತ್ತು. ಅಲ್ಲಿ ಸ್ಟೋರೇಜ್ ದರ ಮುಂಬೈಗಿಂತ ತುಸು ಅಗ್ಗವೆಂಬುದು ಅವರ ಸಮರ್ಥನೆ. ಬ್ಯಾಕಪ್ ಬೇರೆ ಕಡೆ ಇರಬೇಕೆಂಬ ಆಲೋಚನೆಯೂ ಸರಿಯೇ. ಆದರೆ ಹೊಸ ನಕಲು ಹಳೆಯದರ ಮೇಲೆಯೇ ಬೀಳುತ್ತಿದ್ದುದರಿಂದ ವರ್ಜೀನಿಯಾದಲ್ಲಿ ಯಾವಾಗ ನೋಡಿದರೂ 100 ಜಿಬಿಯೇ ಕಾಣುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಲೆಕ್ಕ ಹೀಗಿದೆ. ಕ್ಲೌಡ್‌ನೊಳಗೆ ದತ್ತಾಂಶ ತರುವುದಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಒಂದು ರೀಜನ್ ಬಿಟ್ಟು ಹೊರಡುವುದಕ್ಕೆ ಇದೆ, ಮತ್ತು ಆ ದರವನ್ನು ನಿರ್ಧರಿಸುವುದು ಹೊರಡುವ ಜಾಗ. ನಮ್ಮ ದರಪಟ್ಟಿಯ ಪ್ರಕಾರ ವರ್ಜೀನಿಯಾದಿಂದ ಮುಂಬೈಗೆ ಒಂದು ಜಿಬಿಗೆ 2 ಸೆಂಟ್, ಅದೇ ಮುಂಬೈಯಿಂದ ವರ್ಜೀನಿಯಾಕ್ಕೆ ಎಂಟೂವರೆ ಸೆಂಟ್‌ಗಿಂತ ಹೆಚ್ಚು. ತಿಂಗಳಿಗೆ 3,000 ಜಿಬಿ ಎಂದರೆ ಸುಮಾರು 258 ಡಾಲರ್, ಅದರ ಮೇಲೆ 18% ಜಿಎಸ್‌ಟಿ. ಅಷ್ಟೇ 100 ಜಿಬಿಯನ್ನು ಇಡೀ ತಿಂಗಳು ಇಟ್ಟುಕೊಳ್ಳಲು ತಗಲುವುದು ಎರಡೂವರೆ ಡಾಲರ್‌ನ ಆಸುಪಾಸು. ಕಾಫಿ ತೋಟವೂ ಇರುವ ನಮ್ಮ ಮಾಲೀಕರು ಇದನ್ನು ಕೇಳಿ, “ಗೋಡೌನ್ ಬಾಡಿಗೆ ಇನ್ನೂರು, ಲಾರಿ ಬಾಡಿಗೆ ಇಪ್ಪತ್ತು ಸಾವಿರ ಅಂದ್ರೆ ಯಾರಾದ್ರೂ ದಿನಾ ಮೂಟೆ ಸಾಗಿಸ್ತಾರೇನ್ರೀ?” ಎಂದರು.

ಹಣ ಮರಳಿಸುವಂತೆ ಕ್ಲೌಡ್ ಕಂಪನಿಗೆ ಬರೆದೆವು. ದರ ಮೊದಲೇ ಪ್ರಕಟವಾಗಿದೆ ಎಂಬ ಉತ್ತರ ಬಂತೇ ಹೊರತು ಹಣ ಮರಳಲಿಲ್ಲ. ಪ್ರಕಟವಾಗಿರುವುದು ನಿಜ, ಆದರೆ ಸರ್ವರ್ ಆಯ್ಕೆಮಾಡುವ ಪುಟದಲ್ಲಿ ಅದರ ಸುಳಿವೇ ಇರುವುದಿಲ್ಲ. ಬಜೆಟ್ ಅಲರ್ಟ್ (ಖರ್ಚು ಗೊತ್ತುಪಡಿಸಿದ ಮಿತಿ ದಾಟಿದಾಗ ಬರುವ ಎಚ್ಚರಿಕೆ) ಇರಲಿಲ್ಲವೇ ಎಂದು ಕೆಲವರು ಕೇಳಿದರು. ಇತ್ತು, ಆ ಗುತ್ತಿಗೆದಾರರ ಇಮೇಲ್‌ಗೆ ಹೋಗುತ್ತಿತ್ತು! ಅಲ್ಲದೆ ಅಲರ್ಟ್ ತಿಳಿಸುತ್ತದೆಯೇ ವಿನಾ ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ. ಬಳಕೆಯ ಲೆಕ್ಕ ಅದಕ್ಕೆ ತಲುಪುವುದೂ ಕೆಲವು ಗಂಟೆ ತಡವಾಗಿ.

ಈಗ ಬದಲಾದ ಫೈಲುಗಳನ್ನು ಮಾತ್ರ, ಅವನ್ನೂ ಕುಗ್ಗಿಸಿ, ಕಳುಹಿಸುತ್ತಿದ್ದೇವೆ. ನಿಮ್ಮಲ್ಲಿ ಯಾರಾದರೂ ಇಂಥ ಕೆಲಸವನ್ನು ಹೊರಗಿನವರಿಗೆ ವಹಿಸುವುದಾದರೆ ದತ್ತಾಂಶ ಯಾವ ರೀಜನ್‌ನಿಂದ ಯಾವುದಕ್ಕೆ, ದಿನಕ್ಕೆ ಎಷ್ಟು ಜಿಬಿ ಹೋಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಮೊದಲ ವಾರ ಬಿಲ್ಲಿನ ಆ ಒಂದು ಸಾಲನ್ನು ದಿನವೂ ನೋಡಿ. ಒಂದೇ ರೀಜನ್‌ನ ಎರಡು ಜೋನ್‌ಗಳ (ಆ ರೀಜನ್‌ನೊಳಗಿನ ಪ್ರತ್ಯೇಕ ಸರ್ವರ್ ಕೇಂದ್ರಗಳ) ನಡುವೆಯೂ ಸಣ್ಣ ಶುಲ್ಕ ಇರಬಹುದು, ಅದನ್ನೂ ಕೇಳಿಕೊಳ್ಳಿ.

ಬೇಸತ್ತು ಕಂಪನಿಯನ್ನೇ ಬದಲಿಸ ಹೊರಟವರು ಆತುರಪಡಬಾರದು, ಏಕೆಂದರೆ ಹೊರಹೋಗುವ ದತ್ತಾಂಶಕ್ಕೂ ಶುಲ್ಕವಿದೆ. ಪೂರ್ತಿಯಾಗಿ ಬಿಟ್ಟುಹೋಗುವವರಿಗೆ ಈ ಶುಲ್ಕವನ್ನು ಮನ್ನಾ ಮಾಡುವುದಾಗಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ 2024ರಲ್ಲಿ ಘೋಷಿಸಿವೆ, ಆದರೆ ಅದು ತಾನಾಗಿ ದೊರೆಯುವುದಿಲ್ಲ. ಆಯಾ ಕಂಪನಿಗೆ ವಿನಂತಿ ಸಲ್ಲಿಸಿ, ಷರತ್ತುಗಳನ್ನು ಓದಿಕೊಂಡು, ಒಪ್ಪಿಗೆ ಕೈಗೆ ಬಂದ ಮೇಲೆಯೇ ನಕಲು ಆರಂಭಿಸಿರಿ.